ಎಸ್ಟೀಮಿನ ಎಲುಬು

ಮಾರುತಿ ಎಸ್ಟೀಮಿನ ಬಾನೆಟ್ ಎತ್ತಿದರೆ ಎಂಜಿನ್ನಿನ ಎಡಬಲಕ್ಕೆ ಒಂದೊಂದು ಉಕ್ಕಿನ ಗುಮ್ಮಟ ಕಾಣುತ್ತದೆ. ಸ್ಪ್ರಿಂಗು ಮತ್ತು ಶಾಕ್ ಅಬ್ಸಾರ್ಬರ್ ಒಂದೇ ಕಂಬವಾಗಿ ಚಕ್ರದಿಂದ ಮೇಲೆದ್ದು ಬಂದು ಆ ಗುಮ್ಮಟದ ನೆತ್ತಿಗೆ ಬೋಲ್ಟಿನಲ್ಲಿ ಕೂರುತ್ತವೆ. ಗ್ಯಾರೇಜುಗಳಲ್ಲಿ ಅದಕ್ಕೆ ಟವರ್ ಎನ್ನುತ್ತಾರೆ. ಎರಡು ಟವರುಗಳ ನೆತ್ತಿಗೆ ಅಡ್ಡಲಾಗಿ ಬಿಗಿಯುವ ಪೈಪು ಸ್ಟ್ರಟ್ ಬಾರ್. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಕೆಂಪು, ನೀಲಿ ಬಣ್ಣ ಬಳಿದು ನೇತುಹಾಕಿದ್ದ ಬಾರುಗಳನ್ನು ನೋಡಿಬಂದ ಮೇಲೆ ಅಣ್ಣನಿಗೆ ಅವುಗಳದೇ ಧ್ಯಾನ. ಅದೊಂದನ್ನು ಹಾಕಿಸಿದರೆ ಗಾಡಿ ಮತ್ತೆ ಹಳೆಯ ಗಾಡಿಯಾಗುತ್ತದೆ ಎಂದು ಅವನ ನಂಬಿಕೆ. ನಾನು ಹುಬ್ಬಳ್ಳಿಯ ತಾರಿಹಾಳ ಕೈಗಾರಿಕಾ ಪ್ರದೇಶದಲ್ಲಿ ಟ್ರೇಲರು, ಶೆಡ್ಡುಗಳ ಚೌಕಟ್ಟಿನ ನಕ್ಷೆ ಬರೆಯುತ್ತಿದ್ದೆ. ಯಾವ ಪೈಪು ಎಷ್ಟು ಬಾಗುತ್ತದೆ ಎಂದು ಲೆಕ್ಕ ಹಾಕುವುದೇ ಹೊಟ್ಟೆಪಾಡು. ಹಾಗಾಗಿ ಗಾಡಿಯನ್ನು ನನ್ನ ಕೈಗೆ ಒಪ್ಪಿಸಿ, “ಯಾವುದು ಬೇಕೋ ನೀನೇ ಆರಿಸು” ಎಂದು ಅವನು ಪುಣೆಗೆ ಹೊರಟುಹೋದ.

ಆ ಎಸ್ಟೀಮು ನಮ್ಮ ಮನೆಗೆ ಬಂದದ್ದು ಹೊಸದಾಗಿ, ಕೆಎ 31 ಫಲಕ ಹೊತ್ತು. 1990ರಲ್ಲಿ ಮಾರುತಿ 1000 ಎಂಬ ಹೆಸರಿನಲ್ಲಿ ಬಂದ ಇದೇ ಮೈಗೆ 1994ರಲ್ಲಿ 1298 ಸಿಸಿಯ ಎಂಜಿನ್ ಸಿಕ್ಕಿ ಎಸ್ಟೀಮ್ ಆಯಿತು. ಆಗ 65 ಅಶ್ವಶಕ್ತಿ. 1999ರ ಹೊತ್ತಿಗೆ ಹದಿನಾರು ವಾಲ್ವುಗಳ ಎಂಪಿಎಫ್‌ಐ ಎಂಜಿನ್ ಬಂದು 85 ಅಶ್ವಶಕ್ತಿಯಾಯಿತು. ನಮ್ಮದು ಆ ಎರಡನೆಯ ಜಾತಿಯದು. ಇಂದಿನ ಲೆಕ್ಕದಲ್ಲಿ 85 ಎನ್ನುವುದು ದೊಡ್ಡ ಸಂಖ್ಯೆಯಲ್ಲ. ಆದರೆ ಗಾಡಿಯ ತೂಕ 900 ಕೆ.ಜಿ.ಗಿಂತ ಕಡಿಮೆ, ನಾಲ್ಕೂ ಚಕ್ರಕ್ಕೆ ಪ್ರತ್ಯೇಕ ಸ್ಟ್ರಟ್. ಅದನ್ನು ಎಂಜಿನ್ ಹಾಡುವ ತನಕ ಓಡಿಸಿದವರಿಗೆ ಈ ಮಾತು ವಿವರಿಸಬೇಕಾಗಿಲ್ಲ. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-1000 ರ್ಯಾಲಿ, ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುದಾರಿಯ ರ್ಯಾಲಿ, ಎಲ್ಲೆಡೆ ಜಿಪ್ಸಿಯ ಜೊತೆಗೆ ಎಸ್ಟೀಮು ಓಡುತ್ತಿದ್ದ ಕಾಲ ಅದು. ನಾನೂ ಅಣ್ಣನೂ ಹುಬ್ಬಳ್ಳಿಯಿಂದ ರಾತ್ರಿ ಬಸ್ಸು ಹಿಡಿದು ಹೋಗಿ, ಕೆಂಪು ಧೂಳಿನಲ್ಲಿ ಕಾಫಿ ಗಿಡದ ಮರೆಗೆ ನಿಂತು ನೋಡಿದ್ದೇವೆ. ತಿರುವಿನಲ್ಲಿ ಎಸ್ಟೀಮು ಒಳಗಿನ ಹಿಂಗಾಲು ಎತ್ತಿ ಹಾರಿಹೋದಾಗ ಅಣ್ಣ ಉಸಿರಾಡುವುದನ್ನೇ ಮರೆತಿದ್ದ. ಅವನು ಗಾಡಿ ಕೊಂಡದ್ದು ಆ ದೃಶ್ಯಕ್ಕಾಗಿಯೇ ಎಂದು ನಾನು ಈಗಲೂ ನಂಬಿದ್ದೇನೆ.

ಆಮೇಲೆ ಗಾಡಿ ಕಂಡ ರಸ್ತೆಗಳನ್ನು ನೆನೆದರೆ ಅದರ ಮೈ ಸಡಿಲಾದುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ. ಅಣ್ಣನ ಕೆಲಸ ಅಂಕೋಲೆಯ ಕಡೆ. ನಮ್ಮೂರು ಸನವಳ್ಳಿಯಿಂದ ಮುಂಡಗೋಡ, ಅಲ್ಲಿಂದ ಕಾಡು ಹಾದು ಯಲ್ಲಾಪುರ, ಆಮೇಲೆ ಅರಬೈಲ್ ಘಟ್ಟ ಇಳಿದು ಕರಾವಳಿ. 2006ರಿಂದಾಚೆಗೆ ಬಳ್ಳಾರಿಯ ಅದಿರು ಹೊತ್ತ ಲಾರಿಗಳು ಬೇಲೆಕೇರಿ ಬಂದರಿಗೆ ಸಾಲುಗಟ್ಟಿ ಇಳಿಯುತ್ತಿದ್ದ ವರ್ಷಗಳಲ್ಲಿ ಆ ಹೆದ್ದಾರಿಯಲ್ಲಿ ಡಾಂಬರಿಗಿಂತ ಹೊಂಡವೇ ಹೆಚ್ಚು. ಒಂದು ಚಕ್ರ ಹೊಂಡದಲ್ಲಿ, ಇನ್ನೊಂದು ದಿಬ್ಬದ ಮೇಲೆ. ಗಾಡಿಯ ಮೈ ಪ್ರತಿ ಮಾರಿಗೂ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ತಿರುಚಿಕೊಳ್ಳುತ್ತಿತ್ತು. ಅಣ್ಣ ಪುಣೆಗೆ ಹೋದಮೇಲೆ ಅದು ಸನವಳ್ಳಿಯಲ್ಲಿ ಮನೆಯ ಹಿಂದಿನ ಶೆಡ್ಡು ಸೇರಿತು. ನಮ್ಮೂರು ಅರೆಮಲೆನಾಡು. ಜೂನ್ ಹಿಡಿದರೆ ಸೆಪ್ಟೆಂಬರ್‌ವರೆಗೆ ನೆಲದ ತೇವ ಆರುವುದಿಲ್ಲ. ಜಲಾಶಯದ ಕಡೆಯಿಂದ ಬೀಸುವ ಗಾಳಿ ಬೇಸಿಗೆಯಲ್ಲೂ ತಣ್ಣಗೆ. ಮನುಷ್ಯರಿಗೆ ಹಿತವಾದ ಆ ಹವೆ ತೆಳು ಪತ್ರಾಕ್ಕೆ ಹಿತವಲ್ಲ.

ಬಾರು ಆರಿಸುವ ಮೊದಲು ಗಾಡಿಯ ಮೈ ಏನು ಕೆಲಸ ಮಾಡುತ್ತದೆ ಎಂಬುದನ್ನು ನನಗೆ ನಾನೇ ಸರಿಯಾಗಿ ಹೇಳಿಕೊಳ್ಳಬೇಕಿತ್ತು. ಲಾರಿಗೆ, ಹಳೆಯ ಜೀಪಿಗೆ ಕೆಳಗೆ ಬೇರೆಯೇ ಚಾಸಿ ಇರುತ್ತದೆ. ಮೈ ಅದರ ಮೇಲೆ ಕೂತ ಹೊದಿಕೆ ಮಾತ್ರ. ಎಸ್ಟೀಮಿನಂಥ ಕಾರಿನಲ್ಲಿ ಮೈಯೇ ಚಾಸಿ. 1922ರಲ್ಲಿ ಇಟಲಿಯ ಲಾನ್ಸಿಯಾ ಲಾಂಬ್ಡಾದಿಂದ ದಾರಿ ತೆರೆದುಕೊಂಡ ಈ ವಿಧಾನದಲ್ಲಿ ನೆಲ, ಬಾಗಿಲ ಕೆಳಗಿನ ಪೊಳ್ಳು ತೊಲೆ, ಕಂಬಗಳು, ಸೂರು ಎಲ್ಲವೂ ಒಂದಕ್ಕೊಂದು ಬೆಸೆದು ಒಟ್ಟಾಗಿ ಭಾರ ಹೊರುತ್ತವೆ. ಬಿಡಿಬಿಡಿಯಾಗಿ ನೋಡಿದರೆ ಹಾಳೆ ಒಂದು ಮಿಲಿಮೀಟರಿನಷ್ಟೂ ದಪ್ಪವಿರುವುದಿಲ್ಲ. ಗಟ್ಟಿತನ ಬರುವುದು ಆಕಾರದಿಂದ, ಮತ್ತು ಹಾಳೆಗೆ ಹಾಳೆ ಹಿಡಿದಿಟ್ಟಿರುವ ಸಾವಿರಾರು ಸ್ಪಾಟ್ ವೆಲ್ಡುಗಳಿಂದ. ಮೈಯ ಒಂದು ತುದಿ ಹಿಡಿದು ಇನ್ನೊಂದು ತುದಿಯನ್ನು ಒಂದು ಡಿಗ್ರಿ ತಿರುಚಲು ಎಷ್ಟು ಬಲ ಬೇಕು ಎಂಬುದೇ ಅದರ ಬಿಗಿತದ ಅಳತೆ. ಇಂದಿನ ಸೆಡಾನುಗಳಲ್ಲಿ ಅದು ಡಿಗ್ರಿಗೆ 20,000 ನ್ಯೂಟನ್ ಮೀಟರ್ ದಾಟುವುದು ಸಾಮಾನ್ಯ. 1980ರ ದಶಕದಲ್ಲಿ ರೂಪುಗೊಂಡ ಸಣ್ಣ ಕಾರುಗಳಲ್ಲಿ ಅದರ ಅರ್ಧವೂ ಇರುತ್ತಿರಲಿಲ್ಲ.

ಬಿಗಿತ ಕಡಿಮೆಯಾದರೆ ಆಗುವುದೇನು? ನಾಲ್ಕು ಚಕ್ರಕ್ಕೆ ನಾಲ್ಕು ಸ್ಪ್ರಿಂಗು ಇರುವಲ್ಲಿ ಮೈಯೇ ಐದನೆಯ ಸ್ಪ್ರಿಂಗಾಗುತ್ತದೆ. ಆ ಐದನೆಯದಕ್ಕೆ ಶಾಕ್ ಅಬ್ಸಾರ್ಬರ್ ಇರುವುದಿಲ್ಲ. ಸ್ಟೀರಿಂಗ್ ತಿರುಗಿಸಿದಾಗ ಮೂತಿ ಒಮ್ಮೆ ತಿರುಗಿ, ಹಿಂಭಾಗ ಒಂದು ಕ್ಷಣ ತಡವಾಗಿ ಹಿಂಬಾಲಿಸುತ್ತದೆ. ಚಕ್ರ ನೆಲಕ್ಕೆ ನಿಲ್ಲುವ ಕೋನವೂ ಆ ಗಳಿಗೆಗೆ ಬದಲಾಗಿರುತ್ತದೆ. ವಯಸ್ಸಾದ ಕಾರಿನ ಮೇಲೆ ಜನ ಹೇಳುವ “ಮುದಿಯಾಗಿದೆ” ಎಂಬ ದೂರಿನ ಬಹುಪಾಲು ಇದೇ. ಎಂಜಿನ್ ಚೆನ್ನಾಗಿದ್ದರೂ ಗಾಡಿಯ ಮೇಲೆ ವಿಶ್ವಾಸ ಬರುವುದಿಲ್ಲ.

ಹುಬ್ಬಳ್ಳಿಯ ಗೋಕುಲ ರಸ್ತೆಯ ಬಳಿ ಒಬ್ಬ ಮೇಸ್ತ್ರಿ ಇದ್ದರು. ಪತ್ರಾ ಕೆಲಸದಲ್ಲಿ ತಲೆ ನರೆಸಿಕೊಂಡವರು. ಕೆಂಪು ಬಾರಿನ ಚಿತ್ರ ತೋರಿಸಿದೆ. ಅದನ್ನು ಪಕ್ಕಕ್ಕಿಟ್ಟು ಅವರು ಗಾಡಿಯ ಮುಂದಿನ ಎಡಮೂಲೆಗೆ ಜಾಕ್ ಕೊಟ್ಟು ಎತ್ತಿ, ಚಾಲಕನ ಬಾಗಿಲು ತೆರೆದು ಮುಚ್ಚಿದರು. ಬಾಗಿಲಿನ ಅಂಚು ಕಂಬಕ್ಕೆ ಉಜ್ಜಿ ಕೂತಿತು. ಜಾಕ್ ಇಳಿಸಿದರೆ ಸಲೀಸು. ಆಮೇಲೆ ಹೇಳಿದರು: “ಹೊರಸಿನ ಕಾಲಿನ ತೂತು ಸಡ್ಲ ಆದಮ್ಯಾಲ ಹಗ್ಗ ಎಷ್ಟ ಬಿಗದ್ರೂ ಅದು ಕಿರ್‌ ಅನ್ನೂದ ಬಿಡೂದಿಲ್ರಿ. ಮೊದಲ ಕಾಲು ನೋಡೂಣು.”

ಸೀಟು, ಕಾರ್ಪೆಟ್, ಬಾಗಿಲ ಕೆಳಗಿನ ಪ್ಲಾಸ್ಟಿಕ್ ಪಟ್ಟಿ ಎಲ್ಲವನ್ನೂ ಬಿಚ್ಚಿದೆವು. ಚಾಲಕನ ಕಾಲಡಿಯಲ್ಲಿ ಕಾರ್ಪೆಟ್ಟಿನ ಕೆಳಗಿನ ನಾರುಪದರ ಇನ್ನೂ ಒದ್ದೆ. ಅದರ ಕೆಳಗೆ ಉಕ್ಕು ಬೆರಳಿಗೆ ಉದುರುತ್ತಿತ್ತು. ಬ್ಯಾಟರಿ ತಟ್ಟೆಯಿಂದ ಸೋರಿದ ಆಮ್ಲ ಪಕ್ಕದ ಏಪ್ರನ್ ಹಾಳೆಯ ಜೋಡಣೆಯನ್ನು ತಿಂದಿತ್ತು. ಗಾಜಿನ ಬುಡದಲ್ಲಿ ಎಲೆ ತುಂಬಿ ನೀರುಕಂಡಿ ಮುಚ್ಚಿತ್ತು. ಆ ನೀರು ಒಳಗೆ ಇಳಿದೇ ನೆಲ ಹೋದದ್ದು. ಜಾಕ್ ಕೊಡುವ ಜಾಗದ ಹಿಂದೆ, ಬಾಗಿಲ ಕೆಳಗಿನ ತೊಲೆಯಲ್ಲಿ, ಹೊರಗಿನಿಂದ ಪೇಂಟು ನುಣ್ಣಗಿದ್ದರೂ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿದಾಗ ಸದ್ದು ಬದಲಾಯಿತು. ಈ ತೊಲೆಯೇ ಬಾಗಿಲು ಇರುವ ಜಾಗದಲ್ಲಿ ಮೈಯ ಮುಂಭಾಗವನ್ನು ಹಿಂಭಾಗಕ್ಕೆ ಹಿಡಿದಿಡುವ ಮುಖ್ಯ ಎಲುಬು. ಅದು ಪೊಳ್ಳಾಗಿರುವುದೇ ಅದರ ಬಲ. ಪೊಳ್ಳಿನ ಒಂದು ಗೋಡೆ ಹರಿದರೆ ತಿರುಚನ್ನು ತಡೆಯುವ ಶಕ್ತಿ ಬಹುತೇಕ ಹೋದಂತೆಯೇ. ಮುಚ್ಚಿದ ಪೈಪು ತಿರುಚಿಗೆ ಹೇಗೆ ಎದುರು ನಿಲ್ಲುತ್ತದೆ, ಉದ್ದಕ್ಕೆ ಸೀಳಿದ ಅದೇ ಪೈಪು ಹೇಗೆ ಸೋಲುತ್ತದೆ ಎಂಬುದನ್ನು ಟ್ರೇಲರಿನ ಕೆಲಸದಲ್ಲಿ ಕೈಯಾರೆ ನೋಡಿದ್ದೆ. ತೊಲೆಯ ಸ್ಥಿತಿ ನೋಡಿದ ಕೂಡಲೇ ಬಾರಿನ ಮಾತು ಮುಂದಕ್ಕೆ ಹೋಯಿತು.

ಮೇಸ್ತ್ರಿ ತೇಪೆ ಹಾಕುವವರಲ್ಲ. ತುಕ್ಕು ಹಿಡಿದದ್ದನ್ನು ಹೊಳೆಯುವ ಉಕ್ಕು ಸಿಗುವ ತನಕ ಕತ್ತರಿಸಿ, ಮೂಲ ಹಾಳೆಯಷ್ಟೇ ದಪ್ಪದ ಹೊಸ ಹಾಳೆಯನ್ನು ಅದೇ ಆಕಾರಕ್ಕೆ ಬಡಿದು ಕೂರಿಸಿದರು. ದಪ್ಪ ಹಾಳೆ ಹಾಕಿದರೆ ಇನ್ನೂ ಗಟ್ಟಿಯಾಗದೇ ಎಂದು ನೋಡಲು ಬಂದ ಒಬ್ಬರು ಕೇಳಿದರು. ಹಾಗೆ ಮಾಡಿದರೆ ದಪ್ಪ ಮುಗಿದು ತೆಳು ಶುರುವಾಗುವ ಗೆರೆಯಲ್ಲಿ ಬಲವೆಲ್ಲ ಸೇರಿ ಅಲ್ಲೇ ಬಿರುಕು ಬಿಡುತ್ತದೆ. ಗ್ಯಾಸ್ ವೆಲ್ಡಿಂಗ್ ಬೇಡವೆಂದು ನಾನು ಮೊದಲೇ ಕೇಳಿಕೊಂಡಿದ್ದೆ. ತೆಳು ಹಾಳೆ ಅದರ ಕಾವಿಗೆ ಸೊಟ್ಟಗಾಗುತ್ತದೆ. ಸಿಓಟು ವೆಲ್ಡಿಂಗಿನಲ್ಲಿ ಚುಕ್ಕೆ ಚುಕ್ಕೆಯಾಗಿ, ಒಂದು ಇಲ್ಲಿ ಒಂದು ದೂರದಲ್ಲಿ, ಕಾವು ಹರಡುವಂತೆ ಮಾಡಿದರು. ಶುರುಮಾಡುವ ಮುನ್ನ ಬ್ಯಾಟರಿ ತಂತಿ ತೆಗೆದು ಇಸಿಯು ಪೆಟ್ಟಿಗೆಯನ್ನು ಬಿಚ್ಚಿಟ್ಟದ್ದು ಕಡ್ಡಾಯ; ಎಂಪಿಎಫ್‌ಐ ಗಾಡಿಯಲ್ಲಿ ಇದನ್ನು ಮರೆಯುವಂತಿಲ್ಲ. ಬೆಸುಗೆಯ ನಡುವೆ ಸತುವಿನ ಪ್ರೈಮರ್, ಮುಗಿದ ಮೇಲೆ ತೊಲೆಯ ಒಳಗೆ ಮೇಣದ ಸಿಂಪರಣೆ. ಏಪ್ರನ್ನು ಟವರಿಗೆ ಸೇರುವ ಅಂಚಿನಲ್ಲಿ ಮಾತ್ರ ಸ್ಪಾಟ್ ವೆಲ್ಡುಗಳ ನಡುವೆ ಚಿಕ್ಕ ಚಿಕ್ಕ ಬೆಸುಗೆ ಸೇರಿಸಿದರು. ರ್ಯಾಲಿ ಗಾಡಿಗಳ ಇಡೀ ಮೈಗೆ ಮಾಡುವ ಸೀಮ್ ವೆಲ್ಡಿಂಗಿನ ಒಂದು ತುಣುಕು ಅದು. ಇಡೀ ಮೈಗೆ ಮಾಡಿಸಲು ನಾನು ಒಪ್ಪಲಿಲ್ಲ. ಅಪಘಾತದಲ್ಲಿ ಮೂತಿ ಮಡಚಿಕೊಳ್ಳಬೇಕೆಂದು ಕಾರ್ಖಾನೆಯವರು ಬಿಟ್ಟ ಜಾಗವನ್ನು ರಸ್ತೆಯ ಗಾಡಿಯಲ್ಲಿ ಗಟ್ಟಿ ಮಾಡಬಾರದು.

ಆಮೇಲೆ ರಬ್ಬರು. ಚಕ್ರವನ್ನು ಮೈಗೆ ಹಿಡಿದಿಡುವ ಕೆಳಗಿನ ತೋಳುಗಳ ಬುಶ್ಶು, ಸ್ಟ್ರಟ್ಟಿನ ನೆತ್ತಿಯ ಮೌಂಟು, ಎಂಜಿನ್ ಮೌಂಟು ಎಲ್ಲ ಬಿರುಕುಬಿಟ್ಟಿದ್ದವು. ಎಲ್ಲಕ್ಕೂ ಹೊಸ ಕಂಪನಿ ರಬ್ಬರನ್ನೇ ಹಾಕಿಸಿದೆ. ಪಾಲಿಯುರೇಥೇನ್ ಬುಶ್ಶು ಗಟ್ಟಿ ಎನ್ನುವುದು ನಿಜ. ಆದರೆ ಕೆಲವು ಜಾಗದಲ್ಲಿ ಬುಶ್ಶು ತಿರುಗುವುದರ ಜೊತೆಗೆ ಓರೆಯಾಗಿಯೂ ಬಾಗಬೇಕು, ಅಲ್ಲಿ ಗಟ್ಟಿ ವಸ್ತು ತೋಳನ್ನೇ ಕಚ್ಚಿ ಹಿಡಿಯುತ್ತದೆ. ಗಾಡಿ ಮತ್ತೆ ನೆಲಕ್ಕಿಳಿದು ನಾಲ್ಕು ಹೆಜ್ಜೆ ಹೋದಾಗಲೇ ಅದರ ದನಿ ಬೇರೆಯಾಗಿತ್ತು.

ಬಾರು ನಿಜಕ್ಕೂ ಬೇಕೇ ಎಂದು ಕೇಳಿಕೊಳ್ಳುವ ಹೊತ್ತು ಈಗ ಬಂದಿತು. ಕಣ್ಣಂದಾಜಿಗೆ, ಕೂತವರ ಅನಿಸಿಕೆಗೆ ಬಿಡುವ ವಿಷಯ ಇದಲ್ಲ. ಹೊಸ ಬಾರು ಹಾಕಿದ ಖುಷಿಯಲ್ಲಿ ಎಲ್ಲ ಗಾಡಿಯೂ ಚೆನ್ನಾಗಿಯೇ ತಿರುಗುತ್ತದೆ. ಹಾಗಾಗಿ ಕೆಲಸ ಶುರುವಾಗುವ ಮೊದಲೇ ಒಂದರೊಳಗೊಂದು ಸರಿಯುವ ಎರಡು ತೆಳು ಪೈಪು ತೆಗೆದುಕೊಂಡು, ಒಂದನ್ನು ಎಡ ಟವರಿಗೆ, ಇನ್ನೊಂದನ್ನು ಬಲ ಟವರಿಗೆ ಸಡಿಲ ಕೀಲಿನಲ್ಲಿ ಸಿಕ್ಕಿಸಿದ್ದೆ. ಒಳಪೈಪಿನ ಮೇಲೆ ಬಿಗಿಯಾದ ರಬ್ಬರ್ ಉಂಗುರ. ಟವರುಗಳು ಹತ್ತಿರ ಬಂದಾಗ ಹೊರಪೈಪಿನ ಅಂಚು ಉಂಗುರವನ್ನು ತಳ್ಳುತ್ತದೆ. ದೂರ ಸರಿದಾಗ ಉಂಗುರ ಅಲ್ಲೇ ಉಳಿಯುತ್ತದೆ. ಗಾಡಿ ನಿಲ್ಲಿಸಿ ವರ್ನಿಯರಿನಲ್ಲಿ ಅಂತರ ಅಳೆದರೆ ಅತಿ ಹೆಚ್ಚು ಎಷ್ಟು ಕುಗ್ಗಿತ್ತು ಎಂಬುದು ಸಿಗುತ್ತದೆ. ಖರ್ಚು ಏನೂ ಇಲ್ಲ. ವೆಲ್ಡಿಂಗಿಗೆ ಮೊದಲು ಒಮ್ಮೆ, ಆಮೇಲೆ ಒಮ್ಮೆ, ಸನವಳ್ಳಿಯಿಂದ ಮುಂಡಗೋಡಕ್ಕೆ ಹೋಗುವ ಅದೇ ದಾರಿಯಲ್ಲಿ, ಅದೇ ಹಂಪುಗಳ ಮೇಲೆ, ಅದೇ ವೇಗದಲ್ಲಿ ಓಡಿಸಿದೆ. ಮುಂಡಗೋಡದ ಟಿಬೆಟನ್ ಕ್ಯಾಂಪಿನ ತಿರುವುಗಳಲ್ಲಿ ಬೆಳಗ್ಗೆ ಬೇಗ ಹೋಗಿ ಓಡಿಸಿದ್ದೂ ಉಂಟು. 1966ರಲ್ಲಿ ನೆಲೆಸಿದ ಆ ವಸಾಹತಿನ ಭಿಕ್ಷುಗಳು ನಡೆದು ಬರುವ ಮುಂಚೆ ಅಲ್ಲಿ ರಸ್ತೆ ಖಾಲಿ.

ತುಕ್ಕು ತೆಗೆಸುವ ಮೊದಲು ಮುಂದಿನ ಟವರುಗಳ ನಡುವಿನ ಅಂತರ ಹಂಪಿನಲ್ಲಿ ಕಣ್ಣಿಗೆ ಕಾಣುವಷ್ಟು ಬದಲಾಗುತ್ತಿತ್ತು. ಬೆಸುಗೆಯ ನಂತರ ಉಳಿದದ್ದು ಅದರ ಅರ್ಧಕ್ಕಿಂತ ಕಡಿಮೆ. ಹಿಂದಿನ ಸ್ಟ್ರಟ್ಟುಗಳ ಟವರುಗಳ ನಡುವೆ ಇಟ್ಟ ಇಂಥದೇ ಪೈಪಿನಲ್ಲಿ ಉಂಗುರ ಸರಿದದ್ದು ವರ್ನಿಯರಿಗೂ ಸಿಗಲಾರದಷ್ಟು ಸ್ವಲ್ಪ. ಅಣ್ಣ ಕೊಳ್ಳಬೇಕೆಂದಿದ್ದ ಸಾಮಾನಿನಲ್ಲಿ ಅತಿ ದುಬಾರಿಯಾದದ್ದು ಹಿಂದಿನ ಬಾರೇ ಆಗಿತ್ತು. ಯೋಚಿಸಿದರೆ ಕಾರಣ ಸ್ಪಷ್ಟ. ಎಸ್ಟೀಮು ಸೆಡಾನ್, ಹಿಂದಿನ ಗಾಜಿನ ಕೆಳಗೆ, ಸ್ಪೀಕರ್ ಕೂರುವಲ್ಲಿ, ಅಗಲವಾದ ಉಕ್ಕಿನ ಹಲಗೆ ಇದೆ. ಎರಡು ಟವರುಗಳನ್ನು ಅದೇ ಕಟ್ಟಿಹಾಕಿದೆ. ಹಿಂಬಾಗಿಲು ಪೂರ್ತಿ ಮೇಲೆದ್ದು ತೆರೆಯುವ ಹ್ಯಾಚ್‌ಬ್ಯಾಕ್ ಗಾಡಿಗಳಿಗೆ ಆ ಹಲಗೆ ಇರುವುದಿಲ್ಲ. ಅವುಗಳಿಗೆ ಹಿಂದಿನ ಬಾರು ನಿಜವಾದ ಉಪಕಾರ. ಒಂದು ಗಾಡಿಗೆ ಸೈ ಎನಿಸಿಕೊಂಡ ಭಾಗ ಇನ್ನೊಂದಕ್ಕೆ ಬರೀ ತೂಕ ಎನ್ನುವುದನ್ನು ಮಾರುವವರು ಹೇಳುವುದಿಲ್ಲ.

ಮುಂದಿನ ಬಾರು ಬೇಕಿತ್ತು. ಯಾವುದು ಎನ್ನುವುದೇ ಪ್ರಶ್ನೆ. ಅಂಗಡಿಯಲ್ಲಿ ಸಿಗುವ ಬಹುತೇಕ ಬಾರುಗಳು ಅಲ್ಯುಮಿನಿಯಂ. ಒಂದೇ ಅಳತೆಯ ಪೈಪಿನಲ್ಲಿ ಅಲ್ಯುಮಿನಿಯಂ ಉಕ್ಕಿನ ಮೂರನೇ ಒಂದು ಭಾಗದಷ್ಟು ಬಿಗಿತ ಕೊಡುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಎಂಜಿನ್ನಿನ ಮೇಲೆ ದಾಟಲು ಕೊಟ್ಟ ಬಾಗು. ಎರಡು ಟವರುಗಳ ನಡುವೆ ನೇರವಾಗಿರುವ ಬಾರು ತುದಿಯಿಂದ ತುದಿಗೆ ಒತ್ತಡವನ್ನೇ ಹೊರುತ್ತದೆ, ಉಕ್ಕಿಗೆ ಅದು ಸುಲಭದ ಕೆಲಸ. ಬಾರು ಬಾಗಿದ್ದರೆ ಅದೇ ಒತ್ತಡ ಅದನ್ನು ಇನ್ನಷ್ಟು ಬಾಗಿಸಲು ಹೊರಡುತ್ತದೆ. ಒಂದು ಮೀಟರ್ ಉದ್ದದ, 38 ಮಿ.ಮೀ. ವ್ಯಾಸದ, 1.6 ಮಿ.ಮೀ. ಗೋಡೆಯ ಉಕ್ಕಿನ ಪೈಪನ್ನು ತೆಗೆದುಕೊಂಡು ಲೆಕ್ಕ ಹಾಕಿದೆ. ನೇರವಾಗಿಟ್ಟರೆ ಒಂದು ಮಿಲಿಮೀಟರ್ ಕುಗ್ಗಿಸಲು ಮೂರೂವರೆ ಟನ್ನಿಗೂ ಹೆಚ್ಚು ಬಲ ಬೇಕು. ಅದೇ ಪೈಪು ಉದ್ದಕ್ಕೂ ತುದಿಗಳ ಗೆರೆಯಿಂದ 60 ಮಿ.ಮೀ. ಮೇಲೆ ಹಾದುಹೋದರೆ ಬಿಗಿತ ಇಪ್ಪತ್ತರಲ್ಲಿ ಒಂದು ಪಾಲಿಗಿಂತಲೂ ಕೆಳಗಿಳಿಯುತ್ತದೆ. ಬಣ್ಣ, ಹೊಳಪು, ಅದರ ಮೇಲೆ ಕೊರೆದ ಹೆಸರು ಯಾವುದೂ ಈ ನಷ್ಟವನ್ನು ತುಂಬಲಾರವು. ಇದನ್ನು ಅಣ್ಣನಿಗೆ ಫೋನಿನಲ್ಲಿ ಹೇಳಿದಾಗ ಅವನು ಬಹಳ ಹೊತ್ತು ಸುಮ್ಮನಿದ್ದು, “ಹಾಗಾದರೆ ನಾವೇ ಮಾಡೋಣ” ಎಂದ.

ಗಟ್ಟಿ ಸಲಾಕೆಯೇ ಹಾಕಿಬಿಡಿ ಎಂದು ಸಲಹೆ ಕೊಟ್ಟವರೂ ಇದ್ದರು. 25 ಮಿ.ಮೀ.ಯ ಗಟ್ಟಿ ಸಲಾಕೆ ಮೀಟರಿಗೆ 3.85 ಕೆ.ಜಿ. ತೂಗುತ್ತದೆ, ನಮ್ಮ ಪೈಪು 1.44 ಕೆ.ಜಿ. ಆದರೂ ಬಾಗುವಿಕೆಗೆ ಪೈಪೇ ಒಂದೂವರೆ ಪಟ್ಟು ಹೆಚ್ಚು ಬಿಗಿ, ಯಾಕೆಂದರೆ ಅದರ ಉಕ್ಕೆಲ್ಲ ನಡುವಿನಿಂದ ದೂರದಲ್ಲಿದೆ. ಏರ್ ಫಿಲ್ಟರಿನ ಕೊಳವೆಯನ್ನು ಸ್ವಲ್ಪ ಕೆಳಗೆ ಸರಿಸಿದೆವು. ಬಾರು ನೇರವಾಗಿ ದಾಟಲು ಜಾಗವಾಯಿತು. ಟವರಿನ ನೆತ್ತಿಗೆ ಕೂರುವ ತಟ್ಟೆಯ ಮೇಲೆ ಬಹಳ ಯೋಚಿಸಿದೆ. ಅಗ್ಗದ ಬಾರುಗಳು ಸೋಲುವುದು ಹೆಚ್ಚಾಗಿ ಅಲ್ಲಿ. ಎರಡು ಮಿಲಿಮೀಟರಿನ ತಟ್ಟೆಗೆ ಮೊಣಕೈ ಕೊಟ್ಟು ಬಾರನ್ನು ಎತ್ತರದಲ್ಲಿ ಸಿಕ್ಕಿಸಿದರೆ, ಬಾರು ಎಷ್ಟೇ ಗಟ್ಟಿಯಾದರೂ ತಟ್ಟೆ ಮಡಚುತ್ತದೆ. ನಾವು ದಪ್ಪ ತಟ್ಟೆಯನ್ನು ಸ್ಟ್ರಟ್ಟಿನ ಬೋಲ್ಟುಗಳ ಸುತ್ತ ಪೂರ್ತಿ ಉಂಗುರವಾಗಿ ಕತ್ತರಿಸಿ, ಪೈಪಿನ ಮಧ್ಯರೇಖೆ ಆದಷ್ಟು ನೆತ್ತಿಗೆ ಹತ್ತಿರ ಬರುವಂತೆ ಇಟ್ಟು, ತ್ರಿಕೋನದ ಆಸರೆ ಕೊಟ್ಟೆವು. ನಡುವೆ ತಿರುಗಿಸಿ ಬಿಗಿಯುವ ಟರ್ನ್‌ಬಕಲ್ ಇಡಲಿಲ್ಲ. ಅದರ ಸ್ಕ್ರೂ ಎಳೆಗಳ ನಡುವಿನ ಸಂದು ಮತ್ತೊಂದು ಸಡಿಲ ಜಾಗ. ಗಾಡಿಯನ್ನು ಸಮನೆಲದಲ್ಲಿ ನಾಲ್ಕು ಚಕ್ರದ ಮೇಲೆ ನಿಲ್ಲಿಸಿ, ಬಾರನ್ನು ಅಲ್ಲೇ ಅಳತೆ ಹಿಡಿದು ಬೆಸೆದದ್ದರಿಂದ ಎಳೆತವೂ ಇಲ್ಲ, ಒತ್ತಡವೂ ಇಲ್ಲ.

ಈ ಕೆಲಸ ನಡೆಯುತ್ತಿದ್ದಾಗಲೇ ಇನ್ನೊಂದು ಲೆಕ್ಕ ನನ್ನ ನಿದ್ದೆ ಕೆಡಿಸಿತ್ತು. ತಿರುವಿನಲ್ಲಿ ಟೈರಿಗೆ ನೆಲ ಕೊಡುವ ಅಡ್ಡಬಲ ಮೈಗೆ ಎಲ್ಲಿ ಸೇರುತ್ತದೆ? ಸ್ಟ್ರಟ್ಟಿನ ಕೆಳಗಿನ ಕೀಲು ನೆಲದಿಂದ 20 ಸೆಂ.ಮೀ., ನೆತ್ತಿ 75 ಸೆಂ.ಮೀ. ಎಂದಿಟ್ಟುಕೊಳ್ಳಿ. ನೆಲದಲ್ಲಿ 100 ಕೆ.ಜಿ.ಯ ಅಡ್ಡಬಲ ಬಂದರೆ ಕೆಳಗಿನ ತೋಳು ಹೊರಬೇಕಾದದ್ದು ಸುಮಾರು 136 ಕೆ.ಜಿ.; ನೆತ್ತಿಗೆ ಬರುವುದು ಅದಕ್ಕೆ ಎದುರು ದಿಕ್ಕಿನಲ್ಲಿ 36 ಕೆ.ಜಿ. ಮಾತ್ರ. ಕೆಳಗೆ ನಾಲ್ಕು ಪಾಲು, ಮೇಲೆ ಒಂದು ಪಾಲು. ಹಂಪಿನ ಹೊಡೆತವೇನೋ ಸ್ಪ್ರಿಂಗಿನ ಮೂಲಕ ನೇರ ಟವರಿಗೇ ಹೋಗುತ್ತದೆ, ಮೇಲಿನ ಬಾರಿನ ಮುಖ್ಯ ಕೆಲಸ ಅಲ್ಲಿ. ತಿರುವಿನ ನಿಖರತೆ ಬೇಕಾದವರು ಗಾಡಿಯ ಕೆಳಗೆ ಮಲಗಿ ನೋಡಬೇಕು. ಬಾನೆಟ್ ಎತ್ತಿ ನಾಲ್ಕು ಜನರಿಗೆ ತೋರಿಸಬಹುದಾದ ಬಾರು ಎಲ್ಲರ ಬಳಿಯೂ ಇರುತ್ತದೆ. ಎಡಬಲದ ಕೆಳತೋಳುಗಳ ಒಳತುದಿಯನ್ನು ಒಂದಕ್ಕೊಂದು ಕಟ್ಟುವ ಕೆಳಗಿನ ಬ್ರೇಸು ಯಾರ ಬಳಿಯೂ ಇರುವುದಿಲ್ಲ. ನನಗೆ ಇದು ನ್ಯಾಯವೆನಿಸಲಿಲ್ಲ.

ಆದರೆ ನಮ್ಮ ಕಡೆಯ ರಸ್ತೆಗೆ ಕೆಳಗೆ ಪೈಪು ನೇತುಹಾಕುವುದು ಸಾಧ್ಯವಿಲ್ಲ. ಹಂಪು ತಗುಲಿದರೆ ಬ್ರೇಸಿನ ಜೊತೆಗೆ ಅದನ್ನು ಹಿಡಿದ ಜಾಗವೂ ಹರಿಯುತ್ತದೆ. ಮೇಸ್ತ್ರಿ ಗಾಡಿಯ ಕೆಳಗಿನಿಂದಲೇ ಕೂಗಿ ಹೇಳಿದರು: “ಪೈಪ್ ಯಾಕ್ರಿ, ಪಟ್ಟಿ ಹಾಕೂಣಲ್ಲ. ಅಡ್ಡ ಎಳತಕ್ಕ ಪಟ್ಟಿ ಸಾಕಾಗ್ತೈತಿ.” ಅವರ ಮಾತು ಸರಿಯಾಗಿತ್ತು. ತಿರುವಿನಲ್ಲಿ ಹೊರಗಾಲಿನ ತೋಳು ಒಳಕ್ಕೆ ತಳ್ಳಿದರೆ ಒಳಗಾಲಿನದು ಹೊರಕ್ಕೆ ಎಳೆಯುತ್ತದೆ. ಆದರೆ ಬ್ರೇಕಿನಲ್ಲಿ, ಹೊಂಡದಲ್ಲಿ ಬಲದ ದಿಕ್ಕು ಬದಲಾಗುತ್ತದೆ. ಬರೀ ಪಟ್ಟಿ ಎಳೆತಕ್ಕೆ ಒದಗುತ್ತದೆ, ಒತ್ತಿದರೆ ಮಡಚುತ್ತದೆ. ಹಾಗಾಗಿ ಪಟ್ಟಿಯ ಅಂಚನ್ನು ಮೇಲಕ್ಕೆ ಮಡಚಿ ತಟ್ಟೆಯಾಕಾರ ಕೊಟ್ಟೆವು. ಅದು ಗಾಡಿಯ ಅತಿ ಕೆಳಗಿನ ಭಾಗಕ್ಕಿಂತ ಮೇಲೆಯೇ ಉಳಿಯಿತು. ಇದ್ದ ಬೋಲ್ಟಿನ ತೂತುಗಳನ್ನೇ ಬಳಸಿಕೊಂಡೆವು, ಒಂದು ತೂತನ್ನೂ ಹೊಸದಾಗಿ ಕೊರೆಯಲಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ವಿವರಕ್ಕೆ ವಿರುದ್ಧವಾದ ಮಾರ್ಪಾಡನ್ನು ಒಪ್ಪುವುದಿಲ್ಲ; 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿದೆ. ಮೂಲ ಮೈ ಕತ್ತರಿಸದೆ, ಬೇಕೆಂದಾಗ ಬಿಚ್ಚಿ ತೆಗೆಯಲು ಬರುವಂತೆ ಇರಬೇಕೆಂಬುದು ನನ್ನ ಹಟವಾಗಿತ್ತು.

ಬೇಡವೆಂದು ಬಿಟ್ಟವುಗಳ ಬಗ್ಗೆಯೂ ಹೇಳಬೇಕು. ತೊಲೆಯ ಪೊಳ್ಳಿನೊಳಗೆ ಫೋಮ್ ತುಂಬಿಸಿದರೆ ಬಿಗಿತ ಹೆಚ್ಚುತ್ತದೆ ಎನ್ನುತ್ತಾರೆ. ಸನವಳ್ಳಿಯ ಮಳೆಗೆ ಆ ಫೋಮು ನೀರು ಹಿಡಿದಿಟ್ಟುಕೊಂಡು ಉಕ್ಕನ್ನು ಒಳಗಿನಿಂದ ತಿನ್ನಿಸುತ್ತದೆ. ಮುಂದೆ ಯಾವತ್ತೋ ಅಲ್ಲಿ ವೆಲ್ಡಿಂಗ್ ಮಾಡಲು ಹೋದವರ ಮುಖಕ್ಕೆ ಬೆಂಕಿ. ಹಿಂದಕ್ಕೆ ದಪ್ಪ ಆಂಟಿ-ರೋಲ್ ಬಾರ್ ಹಾಕುವ ಸಲಹೆಯೂ ಬಂದಿತ್ತು. ಮೈ ಸಡಿಲವಿದ್ದಾಗ ಅದು ಚಕ್ರದ ಬದಲು ಮೈಯನ್ನೇ ತಿರುಚುತ್ತದೆ, ಮೈ ಬಿಗಿಯಾದಮೇಲೆ ನಮಗೆ ಅದರ ಅಗತ್ಯ ಕಾಣಲಿಲ್ಲ. ಇನ್ನು ರೋಲ್ ಕೇಜ್. ಮೈಗೆ ಅದಕ್ಕಿಂತ ದೊಡ್ಡ ಬಿಗಿತ ಬೇರೆ ಯಾವುದರಿಂದಲೂ ಬರುವುದಿಲ್ಲ ಎಂಬುದು ಸತ್ಯ. ಎಫ್‌ಐಎ ನಿಯಮದಲ್ಲಿ ಮುಖ್ಯ ಕಮಾನಿಗೆ 45 ಮಿ.ಮೀ. ವ್ಯಾಸದ 2.5 ಮಿ.ಮೀ. ಗೋಡೆಯ, ಇಲ್ಲವೇ 50 ಮಿ.ಮೀ. ವ್ಯಾಸದ 2 ಮಿ.ಮೀ. ಗೋಡೆಯ ಸೀಮ್‌ಲೆಸ್ ಪೈಪು ಇರಬೇಕು. ಹೆಲ್ಮೆಟ್ ಧರಿಸಿ, ಆರು ಪಟ್ಟಿಯ ಬೆಲ್ಟಿನಲ್ಲಿ ಬಿಗಿದು ಕೂತವನನ್ನು ಅದು ಉಳಿಸುತ್ತದೆ. ಸಂತೆಗೆ ಹೊರಟ ಅಮ್ಮನ ತಲೆಯಿಂದ ಗೇಣುದೂರದಲ್ಲಿ ಉಕ್ಕಿನ ಪೈಪು ಇರುವುದು ಅಪಾಯ. ನಮ್ಮದು ಮನೆಯವರೆಲ್ಲ ಕೂರುವ ಗಾಡಿ.

ಎಲ್ಲ ಮುಗಿದ ಮೇಲೆ ಅರಬೈಲ್ ಘಟ್ಟ ಇಳಿದು ನೋಡಿದೆ. ಹೆದ್ದಾರಿ ಈಗ ಮೊದಲಿನಂತಿಲ್ಲ, ಅದಿರಿನ ಲಾರಿಗಳೂ ಇಲ್ಲ. ಡ್ಯಾಶ್‌ಬೋರ್ಡಿನ ಕಟಕಟ ನಿಂತಿತ್ತು. ತಿರುವಿನೊಳಗೆ ಸ್ಟೀರಿಂಗ್ ಇಟ್ಟ ಜಾಗದಲ್ಲಿ ಗಾಡಿ ನಿಂತಿತು. ನಡುವೆ ಎಲ್ಲಿಯೂ ಮತ್ತೆ ತಿದ್ದಬೇಕಾಗಲಿಲ್ಲ. ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಕಂಪನಿಯವೇ ಆಗಿದ್ದರಿಂದ ಗಾಡಿ ಗಡುಸಾಗಿರಲಿಲ್ಲ. ಅದೇ ನನಗೆ ಎಲ್ಲಕ್ಕಿಂತ ಸಂತೋಷ ಕೊಟ್ಟದ್ದು. ಮೈ ಅಲುಗದೆ ನಿಂತರೆ ಮೆತ್ತನೆಯ ಸ್ಪ್ರಿಂಗಿಗೂ ತನ್ನ ಕೆಲಸ ಮಾಡಲು ಬಿಡುವು ಸಿಗುತ್ತದೆ. ಸಡಿಲ ಮೈಗೆ ಗಡುಸು ಸ್ಪ್ರಿಂಗು ಹಾಕಿಸಿಕೊಂಡವರು ಸೊಂಟನೋವನ್ನು ಕ್ರೀಡೆ ಎಂದುಕೊಂಡು ಓಡಾಡುವುದನ್ನು ನೋಡಿ ಮರುಕಪಟ್ಟಿದ್ದೇನೆ. ಖರ್ಚಿನಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಹೋದದ್ದು ಹಾಳೆ, ಬೆಸುಗೆ, ರಬ್ಬರಿಗೆ. ಎರಡು ಬ್ರೇಸುಗಳಿಗೆ ತಗುಲಿದ್ದು ಉಳಿದದ್ದರಲ್ಲಿ ಒಂದು ಚೂರು.

ದೀಪಾವಳಿಗೆ ಬಂದ ಅಣ್ಣ ಯಲ್ಲಾಪುರದ ತನಕ ಓಡಿಸಿಕೊಂಡು ಹೋಗಿ ಬಂದ. ಬಾನೆಟ್ ಎತ್ತಿ, ಬಣ್ಣವಿಲ್ಲದೆ ಕಪ್ಪು ಪ್ರೈಮರಿನಲ್ಲಿದ್ದ ನಮ್ಮ ಬಾರಿನ ಮೇಲೆ ಅಂಗೈ ಇಟ್ಟು ನಿಂತ. ಕೆಂಪು ಬಳಿಸಬಹುದಲ್ಲ ಎಂದು ಕೇಳಿದ. ಬಳಿಸಿದೆವು. ಈಗ ಅದು ಜೆ.ಸಿ. ರಸ್ತೆಯ ಯಾವ ಬಾರಿಗೂ ಕಡಿಮೆಯಿಲ್ಲದಂತೆ ಕಾಣುತ್ತದೆ, ಮತ್ತು ಅವನಿಗೆ ಆ ಬಣ್ಣ ಸಿಕ್ಕದ್ದು ನನಗೂ ಹಿತವೆನಿಸಿದೆ.

ಒಂದು ವಿಷಯದಲ್ಲಿ ನಮ್ಮಿಬ್ಬರ ಒಮ್ಮತ ಆಗಿಲ್ಲ. ಮುಂದಿನ ಫೆಂಡರಿನ ಒಳಗೆ, ಬಾಗಿಲ ಕೀಲಿನ ಕಂಬದಿಂದ ಟವರಿನ ಕಡೆಗೆ ಓರೆಯಾಗಿ ಹೋಗುವ ಫೆಂಡರ್ ಬ್ರೇಸು ಹಾಕಬೇಕೆಂದು ಅವನ ಆಸೆ. ಮೂತಿ ಮೈಗೆ ಸೇರುವ ಜಾಗವನ್ನು ಅದು ತ್ರಿಕೋನವಾಗಿ ಹಿಡಿಯುತ್ತದೆ, ವಿಚಾರ ಒಳ್ಳೆಯದೇ. ಆದರೆ ಚಕ್ರ ಎಸೆಯುವ ಕೆಸರೆಲ್ಲ ಬಂದು ಕೂರುವುದು ಅಲ್ಲಿಯೇ. ಮಳೆ ಮುಗಿದ ಮೇಲೆ ಪ್ರತಿ ಅಕ್ಟೋಬರಿನಲ್ಲಿ ಚಕ್ರಗಳನ್ನು ಬಿಚ್ಚಿ, ಮೆತ್ತಿದ ಮಣ್ಣು ತೊಳೆದು, ನೀರುಕಂಡಿಗಳಿಗೆ ತಂತಿ ಹಾಕಿ, ಬೆಸುಗೆಯ ಗೆರೆಗಳ ಮೇಲೆ ಬೆರಳಾಡಿಸಿ ನೋಡುವುದು ಈಗ ನನ್ನ ಪಾಲಿನ ಕೆಲಸ. ಈ ಸಲ ಬಲಗಡೆಯ ಕೀಲುಕಂಬದ ಬುಡದಲ್ಲಿ ಪೇಂಟಿನ ಕೆಳಗೆ ಸಾಸಿವೆ ಕಾಳಿನಷ್ಟು ಉಬ್ಬು ಕಂಡಿತು. ಮೇಸ್ತ್ರಿಗೆ ಹೇಳಿಟ್ಟಿದ್ದೇನೆ. ಅದನ್ನು ಕೆರೆದು ಕೆಳಗೆ ಉಕ್ಕು ಎಷ್ಟು ಉಳಿದಿದೆ ಎಂದು ನೋಡುವ ತನಕ ಫೆಂಡರ್ ಬ್ರೇಸಿನ ಅಳತೆ ತೆಗೆಯುವುದಿಲ್ಲ ಎಂದು ಅಣ್ಣನಿಗೂ ತಿಳಿಸಿದ್ದೇನೆ.